ಹತ್ತನೆಯ ವಚನದಿಂದ ಓದುವವರು

ಕಫುಲು ಊರು, ಲಿಲೊಂಗ್ವೆ ಬಯಲು
4 ಜೂನ್ 1972

ತಮ್ಮ ಜೆಫನಿಯಾನಿಗೆ ಅಕ್ಕ ಫಲೇಸಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಮೆಕ್ಕೆಜೋಳದ ಕಣಜ ತುಂಬಿದೆ. ಕರಿ ಆಡು ಅವಳಿ ಮರಿ ಹಾಕಿದೆ. ನಿನ್ನ ಭಾವನವರಿಗೆ ದೇವರ ಸೇವೆಗೆ ಕರೆ ಬಂದಿದೆ. ಇವುಗಳಲ್ಲಿ ಕೊನೆಯದು ಮಾತ್ರ ಕೆಟ್ಟ ಸುದ್ದಿ.

ಈಸ್ಟರ್ ಹಬ್ಬದಲ್ಲಿ ನಿನ್ನ ಭಾವ ಲಾಮೆಕಿಯವರನ್ನು ಚರ್ಚ್ ಸಭೆಯ ಹಿರಿಯರನ್ನಾಗಿ ಮಾಡಿದರು. ಹಿಂದೆ ತೀರಿಕೊಂಡ ಹಿರಿಯರೊಬ್ಬರ ಕನ್ನಡಕವನ್ನೂ ಕೊಟ್ಟರು. ಅದು ಅವರ ಕಣ್ಣಿಗೆ ಹೊಂದುವುದಿಲ್ಲ, ಮೂಗಿಗೆ ಮಾತ್ರ ಹೊಂದುತ್ತದೆ. ಅಂದಿನಿಂದ ದಿನವೂ ನಾನು ನ್ಸಿಮಾ ಹಿಟ್ಟು ತಿರುವುತ್ತಿರುವಾಗ ಎದುರು ಕುಳಿತು ಬೈಬಲಿನ ಜ್ಞಾನೋಕ್ತಿಗಳ ಮೂವತ್ತೊಂದನೆಯ ಅಧ್ಯಾಯ ಓದುತ್ತಾರೆ. ಹತ್ತನೆಯ ವಚನದಿಂದ ಶುರು. ಗುಣವತಿ ಹೆಂಡತಿ ಎಂಥವಳು, ಹವಳಕ್ಕಿಂತ ಎಷ್ಟು ಮೇಲು. ಹವಳ ಹಿಟ್ಟು ತಿರುವಬೇಕಾಗಿಲ್ಲ, ಪುಣ್ಯವಂತ ಕಲ್ಲು.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಕಳೆದ ವಾರ ಜಮೀನು ಕಚೇರಿಯವರು ಸರಪಳಿ ಎಳೆದುಕೊಂಡು, ಕೆಂಪು ತುದಿಯ ಕೋಲು ನೆಡುತ್ತ ಬಂದರು. ಎಲ್ಲರ ಹೊಲ ಅಳೆದರು. ಸೆಪ್ಟೆಂಬರ್ ಹದಿನಾರಕ್ಕೆ ಅತ್ತಿಮರದ ಕೆಳಗೆ ಕೂತು ಒಂದೊಂದು ಹೊಲಕ್ಕೆ ಒಂದೊಂದು ಹೆಸರು ಬರೆಯುತ್ತಾರಂತೆ. ಯಾರ ಹೆಸರು ಎಂದು ಕೇಳಿದೆ. "ಕುಟುಂಬದ ಯಜಮಾನನದು" ಎಂದರು. ನಿನ್ನ ಭಾವನವರು ಕನ್ನಡಕ ಸರಿಮಾಡಿಕೊಂಡರು.

"ಎನೆಲೆಸಿಯ ಅಮ್ಮಾ, ನನ್ ಹೆಸ್ರು ಬರೀತಾರೆ. ದೇವ್ರ ವಾಕ್ಯದಲ್ಲೇ ಇದೆಯಲ್ಲ, ಗಂಡ ತಲೆ ಅಂತ."

"ತಲೆ ಇರೋದು ಎಲ್ಲಿ? ನನ್ ಅಜ್ಜಿ ಗುದ್ದಲಿ ಮುರಿದ ಹೊಲದಲ್ಲಿ. ನೀವು ಮದುವೆಯಾಗಿ ಇಲ್ಲಿಗೆ ಬಂದಾಗ ಒಂದು ಕೊಡಲಿ, ಒಂದು ಕಂಬಳಿ, ಗಾಳಿ ಇಲ್ಲದ ಒಂದು ಸೈಕಲ್ಲು ತಂದಿದ್ರಿ. ತಲೇನೂ ತಂದಿದ್ರೆ ನಾನು ನೋಡ್ಲಿಲ್ಲ."

"ಬಾಯಿಗೆ ಬೀಗ ಹಾಕು ಅಂತಾನೂ ಬರೆದಿದೆ."

"ಎಷ್ಟನೇ ವಚನ?"

ಹುಡುಕುತ್ತಲೇ ಇದ್ದಾರೆ.

ನಗಬೇಡ. ಹೊಲ ಅವರ ಹೆಸರಿಗೆ ಹೋದರೆ ಏನಾಗುತ್ತದೆಂದು ನಿನಗೆ ಗೊತ್ತು. ನಮ್ಮಲ್ಲಿ ಗಂಡಸಿನ ಸೊತ್ತು ಹೋಗುವುದು ಅವನ ಅಕ್ಕತಂಗಿಯರ ಮಕ್ಕಳಿಗೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ನೆಲ ನಾಳೆ ಸಲೀಮಾದಲ್ಲಿರುವ ಅವರ ಅಕ್ಕನ ಮಕ್ಕಳ ಪಾಲು. ಎನೆಲೆಸಿ, ಡೊರಿಕಾ, ತಿಸುಂಗೆ, ನನ್ನ ಮೂರೂ ಹೆಣ್ಣುಮಕ್ಕಳು ಬೇರೆಯವರ ಬದುವಿನ ಮೇಲೆ ನಿಲ್ಲಬೇಕು.

ನಮ್ಮ ಸೋದರಮಾವ ಬಿಜಿವೆಕಿ ತೀರಿಹೋದಮೇಲೆ ನನ್ನ ಮದುವೆಯ ಹೊಣೆಗಾರ, ಕುಲದ ಪರವಾಗಿ ಮಾತಾಡಬೇಕಾದವನು ನೀನು. ಅವನ ಮೂರುಕಾಲಿನ ಪೀಠ ನಿನ್ನದು. ಅದರ ಮೇಲೆ ಈಗ ಕೋಳಿ ಕೂರುತ್ತಿದೆ. ಹದಿನಾರಕ್ಕೆ ಬಂದು ಅದನ್ನು ಎಬ್ಬಿಸಿ ನೀನು ಕೂತು, "ಹೊಲ ನಮ್ಮ ಅಕ್ಕನದು" ಎಂದು ಹೇಳು. ಮೂರೇ ಶಬ್ದ. ನೀನು ಓದುತ್ತಿರುವ ಧರ್ಮಬೋಧಕರ ಶಾಲೆಯಲ್ಲಿ ಇದಕ್ಕಿಂತ ಉದ್ದದ್ದನ್ನು ಕಲಿಸಿರುತ್ತಾರೆ.

ಅಕ್ಕ ಫಲೇಸಿ


ಬೋಧಕರ ಶಾಲೆ, ರುಂಫಿ
27 ಜೂನ್ 1972

ಪೂಜ್ಯ ಅಕ್ಕನಿಗೆ ಕರ್ತನಲ್ಲಿ ವಂದನೆಗಳು.

ನಿನ್ನ ಪತ್ರ ತಲುಪಿತು. ಅದರಲ್ಲಿನ ಹಾಸ್ಯ ಒಬ್ಬ ಸಭೆಯ ಹಿರಿಯರ ಹೆಂಡತಿಗೆ ತಕ್ಕದ್ದಲ್ಲ ಎಂದು ಪ್ರೀತಿಯಿಂದ ತಿಳಿಸುತ್ತೇನೆ. ದೇವರು ಮನೆಗೆ ಒಂದು ಕ್ರಮ ಇಟ್ಟಿದ್ದಾನೆ. ದೇವರ ಕೆಳಗೆ ಪುರುಷ, ಪುರುಷನ ಕೆಳಗೆ ಸ್ತ್ರೀ. ಬಯಲಿನವರಾದ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಇಲ್ಲಿ ಉತ್ತರದಲ್ಲಿ ನೋಡಿ ನನಗೆ ಕಣ್ಣು ತೆರೆಯಿತು. ಇಲ್ಲಿ ಹಸು ಕೊಟ್ಟು ಹೆಣ್ಣು ತರುತ್ತಾರೆ. ಹೆಣ್ಣು ಗಂಡನ ಊರಿಗೆ ಬಂದು ಇರುತ್ತಾಳೆ. ಮಕ್ಕಳು ತಂದೆಯ ಹೆಸರು ಹೊರುತ್ತವೆ. ಬೈಬಲಿನಲ್ಲಿ ಇರುವ ಹಾಗೆಯೇ.

ಆದರೂ ಲಾಮೆಕಿ ಭಾವನ ಹೆಸರಿಗೆ ಹೊಲ ಹೋಗುವುದು ನನಗೂ ಒಪ್ಪಿಗೆಯಿಲ್ಲ. ಅದು ನಮ್ಮ ಕುಲದ ನೆಲ. ನಮ್ಮ ಕುಲದ ಗಂಡಸಿನ ಹೆಸರಲ್ಲಿದ್ದರೆ ದೇವರ ಕ್ರಮವೂ ಉಳಿಯಿತು, ನೆಲವೂ ಉಳಿಯಿತು. ಇದರೊಂದಿಗೆ ಒಂದು ಒಪ್ಪಿಗೆಪತ್ರ ಇಟ್ಟಿದ್ದೇನೆ. ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿ ಕಳಿಸು. ಓದುವ ತೊಂದರೆ ತೆಗೆದುಕೊಳ್ಳಬೇಡ.

ಹೊಳೆಯ ಕಡೆಯ ತುಂಡು ಎಷ್ಟು ಹೆಜ್ಜೆ ಇದೆ? ಅಲ್ಲಿ ಬಾಳೆ ಬರುತ್ತದೆಯೇ? ಸುಮ್ಮನೆ ಕೇಳಿದೆ.

ಇಲ್ಲಿ ಶ್ರೀ ಮ್ಹಾಂಗೊ ಎಂಬುವರ ಮನೆಯಲ್ಲಿ ಊಟಕ್ಕೆ ಹೋಗುತ್ತೇನೆ. ದೊಡ್ಡ ಮನುಷ್ಯರು. ಅವರ ಮಗಳು ತಮಾರಾ ನನ್ನ ಅಂಗಿಯ ಕಾಲರುಗಳನ್ನು ಬಹಳ ಚೆನ್ನಾಗಿ ಒಗೆಯುತ್ತಾಳೆ.

ನಿನ್ನ ತಮ್ಮ,
ಜೆಫನಿಯಾ


ಕಫುಲು ಊರು
16 ಜುಲೈ 1972

ತಮ್ಮಾ,

ನಿನ್ನ ಪತ್ರದಲ್ಲಿ ದೇವರ ಹೆಸರು ನಾಲ್ಕು ಸಲ ಇದೆ, "ಬರುತ್ತೇನೆ" ಎಂಬುದು ಒಂದು ಸಲವೂ ಇಲ್ಲ. ಎನೆಲೆಸಿ ಎಣಿಸಿದಳು.

ಹೆಬ್ಬೆಟ್ಟು ಒತ್ತಿಲ್ಲ. ನಾಲ್ಕನೇ ಇಯತ್ತೆಯವರೆಗೆ ಮಿಷನ್ ಶಾಲೆಗೆ ಹೋದ ನನಗೆ, ನಿನಗೆ ಅಕ್ಷರ ತಿದ್ದಿಸಿದ ನನಗೆ, ಹೆಬ್ಬೆಟ್ಟು ಯಾಕೆ? ಆ ಬೆರಳಿಗೆ ಈಗ ಬಿಡುವಿಲ್ಲ, ಕಡಲೆಕಾಯಿ ಸುಲಿಯುತ್ತಿದೆ.

ನೀನು ಓದಬೇಡ ಎಂದೆಯಲ್ಲ, ಅದಕ್ಕೇ ಓದಿದೆ. ಕಾಗದವನ್ನಲ್ಲ, ಅದನ್ನು ಆಮೇಲೆ ಓದುತ್ತೇನೆ. ಭಾವನವರು ಸಭೆಗೆ ಹೋದಾಗ ಆ ಅಧ್ಯಾಯ ತೆಗೆದೆ. ಆ ಹೆಂಗಸು ಬೆಳಕು ಹರಿಯುವ ಮೊದಲೇ ಏಳುತ್ತಾಳೆ. ನಾನೂ ಏಳುತ್ತೇನೆ. ನೇಯುತ್ತಾಳೆ, ಮಾರುತ್ತಾಳೆ, ದೂರದಿಂದ ಕಾಳು ತರುತ್ತಾಳೆ. ಹೊಲ ನೋಡಿ ಕೊಳ್ಳುತ್ತಾಳೆ. ಪಾಪ, ಅವಳ ಅಮ್ಮನಿಗೆ ಹೊಲ ಇರಲಿಲ್ಲವೇನೋ. ಅವಳಿಗೆ ಕೆಲಸದವರೂ ಇದ್ದಾರೆ! ಆ ಸಾಲು ಬಂದಾಗಲೆಲ್ಲ ನಿನ್ನ ಭಾವನವರಿಗೆ ಕೆಮ್ಮು ಬರುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು.

ಇನ್ನು ಗಂಡ ಏನು ಮಾಡಿದ ಎಂದು ಅಧ್ಯಾಯವನ್ನೆಲ್ಲ ಜಾಲಾಡಿದೆ. ಹತ್ತರಿಂದ ಮೂವತ್ತೊಂದರವರೆಗೆ ಅವನಿಗೆ ಎರಡು ಕೆಲಸ. ಒಂದು, ಊರಬಾಗಿಲಲ್ಲಿ ಕೂರುತ್ತಾನೆ. ಎರಡು, ಎದ್ದು ಅವಳನ್ನು ಹೊಗಳುತ್ತಾನೆ. ನಿನ್ನ ಭಾವನವರು ಮೊದಲನೆಯದನ್ನು ಬಹಳ ನಿಷ್ಠೆಯಿಂದ ಮಾಡುತ್ತಿದ್ದಾರೆ.

ಆದರೆ ಊರಬಾಗಿಲು ಎಂದು ಓದಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು, ತಮ್ಮಾ. ಅವನು ಮನೆಅಳಿಯ! ಒಳಗೆ ಹೆಂಡತಿಯ ಸೋದರಮಾವಂದಿರು ಮಾತಾಡುತ್ತಿರುವಾಗ ಅಳಿಯ ಇನ್ನೆಲ್ಲಿ ಕೂರಬೇಕು? ಬಾಗಿಲಲ್ಲೇ. ಹಿರಿಯರ ಜೊತೆ ಕೂತ ಎಂದಿದೆಯಲ್ಲ ಎಂದು ನೀನು ಕೇಳಬಹುದು. ಮನೆಅಳಿಯಂದಿರಿಗೂ ವಯಸ್ಸಾಗುತ್ತದಲ್ಲ. ಇಷ್ಟು ಸ್ಪಷ್ಟವಾಗಿ ಬರೆದಿರುವುದನ್ನು ಎರಡು ವರ್ಷ ಓದಿಯೂ ನಿನಗೆ ಯಾರೂ ಹೇಳಿಕೊಡಲಿಲ್ಲವೇ?

ಇದನ್ನು ಊಟದ ಹೊತ್ತಿಗೆ ಭಾವನವರಿಗೆ ವಿವರಿಸಿದೆ. "ಅಪಾರ್ಥ ಮಾಡ್ತಿದೀಯ" ಎಂದರು. "ಹಾಗಾದ್ರೆ ಸರಿಯಾದ ಅರ್ಥ ಹೇಳಿ" ಎಂದೆ. ಇನ್ನೊಂದು ಸೌಟು ಬೀನ್ಸ್ ಹಾಕಿಸಿಕೊಂಡರು.

ಹೊಳೆಯ ಕಡೆಯ ತುಂಡು ಎಂಬತ್ತು ಹೆಜ್ಜೆ. ಬಾಳೆ ಚೆನ್ನಾಗಿ ಬರುತ್ತದೆ. ಕಾಲರು ಒಗೆಯುವ ಹುಡುಗಿಗೆ ನನ್ನ ನಮಸ್ಕಾರ ಹೇಳು. ವಾರಕ್ಕೆ ಎಷ್ಟು ಅಂಗಿ ಒಗೆಯುತ್ತಾಳೆ? ಅವಳ ಕೂಲಿ ನಿಲ್ಲಿಸಿಕೊಳ್ಳಬೇಡ, ಬಟ್ಟೆ ಒಗೆಯುವವರ ಶಾಪ ಕೆಟ್ಟದ್ದು.

ಸೆಪ್ಟೆಂಬರ್ ಹದಿನಾರನೇ ತಾರೀಖು. ಮರೆಯಬೇಡ.

ಅಕ್ಕ


ರುಂಫಿ
8 ಆಗಸ್ಟ್ 1972

ಅಕ್ಕಾ,

ತಮಾರಾ ಬಟ್ಟೆ ಒಗೆಯುವವಳಲ್ಲ. ನಾನು ಮದುವೆಯಾಗುವ ಹುಡುಗಿ. ನಿನ್ನ ಪತ್ರವನ್ನು ಅವಳೆದುರೇ ಗಟ್ಟಿಯಾಗಿ ಓದಿದೆ, ನಮ್ಮ ಕಡೆಯವರು ಎಷ್ಟು ತಮಾಷೆಯವರು ಎಂದು ತೋರಿಸಲು. ಕೂಲಿಯ ಮಾತು ಬರುವವರೆಗೆ ಅವಳು ನಗುತ್ತಿದ್ದಳು.

ನೀನು ಕೇಳುವುದಿಲ್ಲ, ಬರೀ ಕುಟುಕುತ್ತೀಯ. ಹಾಗಾಗಿ ನೇರವಾಗಿ ಬರೆಯುತ್ತೇನೆ. ಶ್ರೀ ಮ್ಹಾಂಗೊ ಕೇಳಿದರು: "ನಿನ್ ಹೊಲ ಎಲ್ಲಪ್ಪಾ? ನನ್ ಮಗಳು ಎಲ್ಲಿ ಉಳಬೇಕು?" ನಾನು ಏನು ಹೇಳಬೇಕಿತ್ತು? ಅಕ್ಕನ ಊರಲ್ಲಿ ನಾನು ಪೀಠದ ಮೇಲೆ ಕೂರುವ ಅತಿಥಿ. ಹೆಂಡತಿಯ ಊರಿಗೆ ಹೋದರೆ ಕೊಡಲಿ, ಕಂಬಳಿಯ ಮನೆಅಳಿಯ, ನೀನೇ ದಿನವೂ ಆಡಿಕೊಳ್ಳುವಂಥವನು. ನಮ್ಮಲ್ಲಿ ಹುಟ್ಟಿದ ಗಂಡಸಿಗೆ ತನ್ನದು ಎನ್ನುವ ಮಣ್ಣು ಸಿಗುವುದು ಹೂಳುವಾಗ ಮಾತ್ರ. ಕಫುಲುವಿನಲ್ಲಿ ನನಗೆ ಹೊಲ ಇದೆ ಎಂದೆ. ಕಾಗದ ತೋರಿಸು ಎಂದರು.

ಆ ಒಪ್ಪಿಗೆಪತ್ರ ನನ್ನ ಹೆಸರಿನದು. ಈಗಲಾದರೂ ಓದಿರುತ್ತೀಯ. ಹದಿನಾರಕ್ಕೆ ನಾನು ಬರುತ್ತೇನೆ. ಇಷ್ಟು ದಿನ ಬಾ ಬಾ ಎಂದು ಕರೆದೆಯಲ್ಲ. ಭಾವನ ಹೆಸರು ತಪ್ಪಿಸಿ ನನ್ನ ಹೆಸರು ಬರೆಸುತ್ತೇನೆ. ನಾನು ನಿನ್ನ ಹೊಣೆಗಾರ, ಪೀಠ ನನ್ನದು. ವಿಧೇಯಳಾಗಿರು. ಗಂಡನ ಮಾತು ಕೇಳದಿದ್ದರೂ ತಮ್ಮನ ಮಾತನ್ನಾದರೂ ಕೇಳು. ಆ ಅಧ್ಯಾಯವನ್ನು ಇನ್ನೊಮ್ಮೆ ಓದು, ನಗದೆ ಓದು.

ಜೆಫನಿಯಾ


ಕಫುಲು ಊರು
24 ಆಗಸ್ಟ್ 1972

ಜೆಫನಿಯಾ,

ನಗದೆ ಓದಿದೆ.

ಐದು ತಿಂಗಳು ಭಾವನವರ ಕನ್ನಡಕ ನೋಡಿ ನಕ್ಕೆ. ಅವರು ಹೊಲ ಕೇಳಿದ್ದು ನನ್ನ ಮುಖ ನೋಡಿ, ನನ್ನ ಒಲೆಯ ಮುಂದೆ ಕೂತು. ಜಗಳ ಆಡಿ, ಸೋತು, ಊಟ ಮಾಡಿ ಎದ್ದರು. ನೀನು ಅಂಚೆಯಲ್ಲಿ ಕಾಗದ ಕಳಿಸಿ, "ಓದುವ ತೊಂದರೆ ತೆಗೆದುಕೊಳ್ಳಬೇಡ" ಎಂದೆ. ಬೇಲಿ ಕಾಯಲು ನಿನ್ನನ್ನು ಕರೆದೆ. ನೀನು ಬಾಳೆ ಬರುತ್ತದೆಯೇ ಎಂದು ಕೇಳಿದೆ. ಎಂಬತ್ತು ಹೆಜ್ಜೆ ಎಂದು ನಾನೇ ಅಳೆದು ಹೇಳಿದೆ, ಪೆದ್ದಿ!

ನೀನೂ ಹತ್ತನೆಯ ವಚನದಿಂದಲೇ ಓದಿದೆ. ಬೋಧಕರ ಶಾಲೆಯಲ್ಲಿ ಒಂದರಿಂದ ಒಂಬತ್ತರವರೆಗೆ ಹಾಳೆ ಹರಿದುಹೋಗಿದೆಯೇ? ನಾನು ಈ ಸಲ ಮೊದಲಿನಿಂದ ಓದಿದೆ. ಮೊದಲ ಸಾಲಲ್ಲೇ ಇದೆ: ಇವು ಲೆಮುವೇಲನೆಂಬ ರಾಜನಿಗೆ ಅವನ ತಾಯಿ ಕಲಿಸಿದ ಮಾತುಗಳು. ತಾಯಿ, ಜೆಫನಿಯಾ! ಅಧ್ಯಾಯ ಅವಳ ಬಾಯಿಂದ ಶುರು. ಹೆಂಡತಿಗೆ ಹೇಳಿದ್ದಲ್ಲ, ಮಗನಿಗೆ ಹೇಳಿದ್ದು. ಮಗನೇ, ಕುಡಿಯಬೇಡ, ಬಾಯಿಲ್ಲದವರ ಪರವಾಗಿ ಬಾಯಿ ತೆರೆ, ಅನ್ಯಾಯವಾದವರಿಗೆ ನ್ಯಾಯ ಕೊಡು. ಅಷ್ಟಾದ ಮೇಲೆ, ಇಂಥ ಹೆಂಗಸಿದ್ದಾಳೆ, ಅವಳ ಬೆಲೆ ತಿಳಿದುಕೋ ಎಂದು ಹೇಳಿದ್ದು. ಆ ರಾಜನ ಅಪ್ಪನ ಹೆಸರು ಎಲ್ಲೂ ಇಲ್ಲ. ಇದ್ದಿದ್ದರೆ ಬಾಗಿಲಲ್ಲಿ ಕೂತಿರುತ್ತಿದ್ದ.

ನಮ್ಮ ಅಮ್ಮ ಕೊನೆಯ ದಿನ ಚಾಪೆಯ ಮೇಲೆ ಮಲಗಿ ನಿನಗೆ ಏನು ಕಲಿಸಿದಳು? "ನಿನ್ ಅಕ್ಕನ ಮನೆಗೆ ನೀನೇ ಬೇಲಿ ಕಣೋ." ನೀನು ಅತ್ತು, ಹೂಂ ಎಂದೆ. ಆ ಮೊದಲ ವಚನವನ್ನೂ ಹಾರಿಸಿಬಿಟ್ಟೆಯಲ್ಲ.

ಕೇಳಿದ್ದರೆ ಕೊಡುತ್ತಿದ್ದೆ. ಹೊಳೆಯ ಕಡೆಯ ಎಂಬತ್ತು ಹೆಜ್ಜೆ ನೀನು, ನಿನ್ನ ಹೆಂಡತಿ ಉತ್ತು ಉಣ್ಣಿ ಎನ್ನುತ್ತಿದ್ದೆ. ಕೇಳಲಿಲ್ಲ. ಬರೆಸಿಕೊಳ್ಳಲು ಹೊರಟೆ.

ಹೊಣೆಗಾರನಾಗಿ ಬರುವುದಾದರೆ ಬಾ. ಯಜಮಾನನಾಗಿ ಬರುವುದಾದರೆ ಕೋಳಿಯನ್ನು ಎಬ್ಬಿಸುವುದಿಲ್ಲ. ಅದು ಮೊಟ್ಟೆಯನ್ನಾದರೂ ಇಡುತ್ತದೆ.

ಫಲೇಸಿ


ರುಂಫಿ
5 ಸೆಪ್ಟೆಂಬರ್ 1972

ಅಕ್ಕನಿಗೆ,
ಹದಿನಾರರಂದು ಬರುತ್ತಿದ್ದೇನೆ. ಹೊಲ ನೋಡಲು ಶ್ರೀ ಮ್ಹಾಂಗೊ ಜೊತೆಗಿರುತ್ತಾರೆ. ಅವರ ಮುಂದೆ ಮರ್ಯಾದೆ ಕಳೆಯಬೇಡ.
ಜೆ.


ಕಫುಲು ಊರು
20 ಸೆಪ್ಟೆಂಬರ್ 1972

ಜೆಫನಿಯಾ,

ನೀನು ಬಂದದ್ದನ್ನು ನೋಡಿದೆ. ಊರಬಾಗಿಲು ಎಂದರೆ ನಮಗೆ ಎರಡು ಮಾವಿನ ಮರ. ಎಡಗಡೆಯ ಮರದ ಬೇರಿನ ಮೇಲೆ ನೀನು, ಬಲಗಡೆಯದರ ಮೇಲೆ ಟೋಪಿ ತೊಡೆಯ ಮೇಲಿಟ್ಟುಕೊಂಡ ದೊಡ್ಡ ಮನುಷ್ಯರು. ಅತ್ತಿಮರ ಅಲ್ಲಿಂದ ನಲವತ್ತು ಹೆಜ್ಜೆ. ಒಳಗೆ ಬರಲಿಲ್ಲ. ಎಷ್ಟು ಕೇಳಿಸಿತೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜಮೀನು ಕಚೇರಿಯ ಗುಮಾಸ್ತ ಮೇಜು ಹಾಕಿಕೊಂಡು ಕೂತಿದ್ದ. ನನ್ನ ಹೊಲದ ಸರದಿ ಬಂದಾಗ "ಯಜಮಾನ ಯಾರು?" ಎಂದ. ನಿನ್ನ ಭಾವನವರು ಬೈಬಲ್ ಹಿಡಿದು ಎದ್ದರು. ಗಂಟಲು ಸರಿಮಾಡಿಕೊಂಡು ಹತ್ತನೆಯ ವಚನ ಎತ್ತಿದರು.

"ಎನೆಲೆಸಿ ಅಪ್ಪಾ, ಒಂದರಿಂದ ಓದಿ" ಎಂದೆ.

"ಈಗ ಯಾಕೆ ಅದು?"

"ದೇವ್ರ ವಾಕ್ಯ ಅರ್ಧಂಬರ್ಧ ಓದ್ತಾರಾ ಸಭೆ ಹಿರಿಯರು?"

ತಲೆಗೆ ಬಿಳಿ ವಸ್ತ್ರ ಕಟ್ಟಿದ ಸಭೆಯ ಹೆಂಗಸರೆಲ್ಲ ಹಿಂದೆ ನಿಂತಿದ್ದರು. ಓದದೆ ಗತಿಯಿರಲಿಲ್ಲ. ತಾಯಿ ಕಲಿಸಿದ ಮಾತು ಎಂದು ಬಂದದ್ದೇ ತಡ, ಊರಿನ ಮುಖ್ಯಸ್ಥೆ ನಾಂಬೆವೆ ಅಜ್ಜಿ ಕೈಯೆತ್ತಿ ತಡೆದಳು.

"ನಿಲ್ಲು ಅಳಿಯಾ. ಯಾರ್ ಕಲಿಸಿದ್ದು?"

"ತಾಯಿ, ಅಜ್ಜೀ."

"ರಾಜಂಗೂ?"

"ರಾಜಂಗೇ."

"ಮತ್ತೆ ಐದು ತಿಂಗಳಿಂದ ನಿಮ್ಮಪ್ಪ ಬರೆದ ಹಂಗೆ ಕೂಗ್ತಿದ್ಯಲ್ಲೋ!"

ಹೆಂಗಸರು ನಾಲಿಗೆ ಆಡಿಸಿ ಹಾಕಿದ ಕೇಕೆ ನಿನಗೂ ಕೇಳಿರಬೇಕು. ನಾನು ಬಿಡಲಿಲ್ಲ, ಓದಿಸಿದೆ. ಗಂಡ ಊರಬಾಗಿಲಲ್ಲಿ ಕೂರುವ ಸಾಲು ಬಂತು. ಯಾರೋ ಒಬ್ಬಳು ಮಾವಿನ ಮರದ ಕಡೆ ನೋಡಿದಳು. ಆಮೇಲೆ ಎಲ್ಲರೂ ನೋಡಿದರು. ನಾನು ನಗಲಿಲ್ಲ. ಅದೊಂದು ಸಾಲಿಗೆ ಜೀವಮಾನದಲ್ಲಿ ಮೊದಲ ಸಲ ನನಗೆ ನಗು ಬರಲಿಲ್ಲ. ಅಲ್ಲಿ ಕೂತಿದ್ದವನು ಯಾರ ಮನೆಅಳಿಯನೂ ಅಲ್ಲ, ನನ್ನ ತಮ್ಮ.

ಕೊನೆಯ ವಚನ ಗೊತ್ತಲ್ಲ, ಅವಳ ಕೈ ಬೆಳೆದದ್ದನ್ನು ಅವಳಿಗೇ ಕೊಡಿ ಎನ್ನುವುದು. ಭಾವನವರು ಅಲ್ಲಿಗೆ ಬಂದು ನಿಂತರು. ಕನ್ನಡಕ ತೆಗೆದರು. ಅದಿಲ್ಲದೆಯೇ ಅವರಿಗೆ ಚೆನ್ನಾಗಿ ಕಾಣುತ್ತದೆ, ಜೆಫನಿಯಾ. ಆ ಸಾಲನ್ನು ಎರಡು ಸಲ ಓದಿ ಗುಮಾಸ್ತನಿಗೆ ಹೇಳಿದರು: "ಬರ್ಕೊಳ್ಳಿ ಸ್ವಾಮಿ. ಫಲೇಸಿ. ಹದಿನೈದು ವರ್ಷದಿಂದ ಅವಳ ಹೊಲದ್ದೇ ಉಣ್ತಿದೀನಿ, ಒಂದ್ ದಿನಾನೂ ಹಿಟ್ಟು ಹಸಿ ಇರ್ಲಿಲ್ಲ."

ಹೊಗಳಿಕೆ ಎಂದರೆ ಇಷ್ಟೇ ಇವರಿಗೆ ಬರುವುದು. ಎರಡನೆಯ ಕೆಲಸವನ್ನೂ ಮಾಡಿದ ಹಾಗಾಯಿತು. ಆ ದಿನ ಹುಂಜ ಕೊಯ್ದೆ.

ಆದರೆ ಹೆಸರು ಬರೆದಿರುವುದು ಪೆನ್ಸಿಲಿನಲ್ಲಿ. ಹೆಂಗಸಿನ ಹೆಸರಾದರೆ ಅವಳ ಕುಲದ ಗಂಡಸು ಒಪ್ಪಿ ಸಹಿ ಹಾಕಬೇಕಂತೆ, ಆಮೇಲೆ ಶಾಯಿಯಂತೆ. ಅಕ್ಟೋಬರ್ ಮೂವತ್ತರವರೆಗೆ ಗಡುವು. "ಯಾರಿದ್ದಾರೆ?" ಎಂದ ಗುಮಾಸ್ತ. ಭಾವನವರು ನಿನ್ನನ್ನು ಕರೆಯಲು ಚೆಂಬಿನಲ್ಲಿ ನೀರು ತೆಗೆದುಕೊಂಡು ಓಡಿಬಂದರು. ಮರದ ಬುಡ ಖಾಲಿಯಾಗಿತ್ತು. ಬಸ್ಸಿನ ಧೂಳು ಕಂಡಿತಂತೆ.

ಕಾಗದ ಇದರೊಳಗಿದೆ. ನಿನಗೆ ಓದುವ ತೊಂದರೆ ಕೊಡುತ್ತಿದ್ದೇನೆ.

ಫಲೇಸಿ


ರುಂಫಿ
14 ಅಕ್ಟೋಬರ್ 1972

ಅಕ್ಕಾ,

ಎಲ್ಲವೂ ಕೇಳಿಸಿತು. ಅಜ್ಜಿಯ ಗಂಟಲು ನಿನಗೆ ಗೊತ್ತಲ್ಲ.

ಶ್ರೀ ಮ್ಹಾಂಗೊಗೆ ನಮ್ಮ ಭಾಷೆ ಅಷ್ಟು ಬರುವುದಿಲ್ಲ. "ಯಾರ ಹೊಲದ ಹೆಸರು ಬರೀತಿದ್ದಾರೆ?" ಎಂದು ಕೇಳಿದರು. ನನ್ನ ಅಕ್ಕನದು ಎಂದೆ. "ನಿನ್ನದು?" ಎಂದರು. ಎದ್ದು ಬಸ್ಸಿನ ದಾರಿ ಹಿಡಿದೆ. ಬಸ್ಸಿನಲ್ಲಿ ಇಡೀ ದಾರಿ ಅವರು ಕಿಟಕಿಯ ಜೊತೆ ಮಾತಾಡಿದರು. ತಮಾರಾ ನನ್ನ ಅಂಗಿಗಳನ್ನು ಒಗೆಯದೆ ವಾಪಸು ಕಳಿಸಿದ್ದಾಳೆ. ಹೊಲ ಇಲ್ಲದ್ದಕ್ಕಲ್ಲವಂತೆ, ಸುಳ್ಳು ಹೇಳಿದ್ದಕ್ಕಂತೆ. ಈ ಪತ್ರ ಬರೆಯುವಾಗ ಹಾಕಿಕೊಂಡಿರುವ ಕಾಲರು ನೀನು ನೋಡಬಾರದು.

ಸಹಿ ಹಾಕಿದ್ದೇನೆ. ಕಾಗದ ಇದರೊಂದಿಗಿದೆ. ಆದರೆ ಕೋಪ ಹೋಗಿದೆ ಎಂದುಕೊಳ್ಳಬೇಡ. ನೀನು ಹೇಳಿದ ಹಾಗೆ ಒಂದರಿಂದ ಓದಿದೆ. ಆ ತಾಯಿ ಮಗನಿಗೆ ಎಲ್ಲವನ್ನೂ ಹೇಳಿದ್ದಾಳೆ. ಮಗ ಎಲ್ಲಿಗೆ ಹೋಗಿ ಇರಬೇಕು ಎಂಬುದನ್ನು ಹೇಳಿಲ್ಲ. ಅವನು ರಾಜ, ಅವನಿಗೆ ಅರಮನೆ ಇತ್ತು. ನನಗೆ ಎರಡು ಮಾವಿನ ಮರದ ನಡುವಿನ ಜಾಗ ಇದೆ. ಇದಕ್ಕೆ ಯಾವ ವಚನ, ಅಕ್ಕಾ? ನೀನು ಎಲ್ಲದರಲ್ಲೂ ಜಾಣೆ, ಹುಡುಕಿ ಹೇಳು.

ಜೆಫನಿಯಾ


ಕಫುಲು ಊರು
2 ನವೆಂಬರ್ 1972

ತಮ್ಮಾ,

ಶಾಯಿ ಬಿತ್ತು. ನಿನ್ನ ಸಹಿ ಚೆನ್ನಾಗಿದೆ. "ಜೆ" ಅಕ್ಷರದ ಬಾಲ ನಾನು ತಿದ್ದಿಸಿದ ಹಾಗೆಯೇ ಇದೆ.

ವಚನ ಹುಡುಕಿದೆ. ಭಾವನವರೂ ಕನ್ನಡಕ ಹಾಕಿಕೊಂಡು ಮೂರು ದಿನ ಹುಡುಕಿದರು. ಇಲ್ಲ. ನೀನು ಹೇಳಿದ್ದು ನಿಜ, ಆ ತಾಯಿ ಹೇಳಲು ಮರೆತಿದ್ದಾಳೆ. ಹದಿನೈದು ವರ್ಷ ನಾನೂ ಕೊಡಲಿ, ಕಂಬಳಿ ಎಂದು ನಗುತ್ತಲೇ ಇದ್ದೆ. ಅದು ನಿನಗೂ ಚುಚ್ಚುತ್ತದೆಂದು ಹೊಳೆದಿರಲಿಲ್ಲ. ಇದನ್ನು ಒಂದೇ ಸಲ ಬರೆಯುತ್ತೇನೆ, ಜೋಪಾನವಾಗಿಟ್ಟುಕೋ.

ಮೊದಲ ಮಳೆ ಬಂದಿದೆ. ಹೊಳೆಯ ಕಡೆಯ ಎಂಬತ್ತು ಹೆಜ್ಜೆಯನ್ನು ಭಾವನವರು ಅಗೆದಿಟ್ಟಿದ್ದಾರೆ, ಬಾಳೆಗೆಂದು ಗುಣಿಯನ್ನೂ ತೋಡಿದ್ದಾರೆ. ಯಾವ ಕಾಗದವೂ ಇಲ್ಲ. ಆ ಹುಡುಗಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳು: ಹೊಲ ನನ್ನ ಅಕ್ಕನದು, ಅವಳ ಬಾಯಿ ಕೆಟ್ಟದ್ದು, ಬೆಳೆದದ್ದು ನಮ್ಮದು. ಅಷ್ಟು ಕೇಳಿಯೂ ಬರುತ್ತೇನೆ ಎಂದರೆ ಕರೆದುಕೊಂಡು ಬಾ. ಕಾಲರಿನ ಮಾತಿಗೆ ಅವಳ ಹತ್ತಿರ ನಾನೇ ಕ್ಷಮೆ ಕೇಳುತ್ತೇನೆ. ನಿನ್ನ ಹತ್ತಿರ ಕೇಳುವುದಿಲ್ಲ.

ಪೀಠ ತೊಳೆದಿಟ್ಟಿದ್ದೇನೆ. ಕೋಳಿಗೆ ಬೇರೆ ಬುಟ್ಟಿ ಮಾಡಿದೆ.

ಬಂದಾಗ ಬಾಗಿಲಲ್ಲಿ ಕೂರಬೇಡ. ನೇರ ಒಳಗೆ ಬಾ. ನಿನ್ನನ್ನು ಬೈಯುವುದು ಇನ್ನೂ ಬಾಕಿ ಇದೆ, ಅಷ್ಟು ದೂರಕ್ಕೆ ಕೂಗಲು ನನ್ನಿಂದಾಗದು.

ಅಕ್ಕ